ಗಿರಿಜಾಳ ನಲವತ್ತು ಚೀಲಗಳು

ನಾನು ನಿಮ್ಮ ಮನೆಗೆ ಬರುವುದಾದರೆ ದಯವಿಟ್ಟು ಮೊದಲೇ ಕಿಟಕಿಯ ಪರದೆಗಳನ್ನು ಬಿಚ್ಚಿಡಿ. ಜಂಬಕ್ಕೆ ಹೇಳುತ್ತಿಲ್ಲ, ನಿಮ್ಮ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ. ನೀವು ಒಳಗೆ ಚಹಾಕ್ಕೆ ನೀರಿಡಲು ಹೋದ ಎರಡು ನಿಮಿಷದಲ್ಲಿ ನಾನು ಎದ್ದು ಹೋಗಿ ನಿಮ್ಮ ಪರದೆಯ ಅಂಚನ್ನು ಎರಡು ಬೆರಳಲ್ಲಿ ಹಿಡಿದು ಬೆಳಕಿಗೆ ಎತ್ತಿರುತ್ತೇನೆ. ನೀವು ಕಪ್ಪು-ಬಸಿ ಹಿಡಿದು ಬಂದಾಗ, "ಇದನ್ನ ಎಲ್ಲಿ ತಗೊಂಡ್ರಿ?" ಎಂದು ಕೇಳಿ, ನೀವು ಉತ್ತರ ಕೊಡುವ ಮೊದಲೇ "ಹ್ಞೂಂ" ಎಂದು ಉಸಿರು ಬಿಡುತ್ತೇನೆ. ಆ ಒಂದು "ಹ್ಞೂಂ"ಗೆ ನಮ್ಮ ನೆಂಟರಿಷ್ಟರಲ್ಲಿ ಬಹಳ ಹೆದರಿಕೆಯಿದೆ. ಮದುವೆ ಮನೆಗಳಲ್ಲಿ ನಾನು ಹತ್ತಿರ ಬಂದರೆ ಹೆಂಗಸರು ಸೆರಗನ್ನು ಸೊಂಟಕ್ಕೆ ಸಿಗಿಸಿಕೊಳ್ಳುತ್ತಾರೆ.

ತಪ್ಪು ನನ್ನದಲ್ಲ, ಕೆಲಸದ್ದು. ಇಚಲಕರಂಜಿಯ ಒಂದು ಪವರ್‌ಲೂಮ್ ಶೆಡ್ಡಿನಲ್ಲಿ ಮೂವತ್ತೊಂದು ವರ್ಷ ಬಟ್ಟೆ ತಪಾಸಣೆ ಮಾಡಿದವಳು ನಾನು. ಮಗ್ಗದಿಂದ ಇಳಿದ ಬಟ್ಟೆಯ ಇಡೀ ಸುರುಳಿಗೆ ನಮ್ಮಲ್ಲಿ ತಾಗಾ ಅನ್ನುತ್ತಾರೆ. ಕಿಟಕಿಯ ಎದುರು ಅಡ್ಡ ಹಾಕಿದ ಪೈಪಿನ ಮೇಲೆ ಆ ತಾಗಾ ಎಳೆದುಕೊಂಡು, ಹಿಂದಿನಿಂದ ಬರುವ ಬೆಳಕಿನಲ್ಲಿ ತಪ್ಪು ಹುಡುಕಬೇಕು. ಸಿಕ್ಕಲ್ಲಿ ಒಂದು ಕೆಂಪು ದಾರ ಹಾಕಿ ಗುರುತು ಮಾಡಬೇಕು. ಆಮೇಲೆ ಗಂಟಿದ್ದರೆ ಚಿಮಟದಿಂದ ಕೀಳಬೇಕು, ಎಳೆ ತಪ್ಪಿ ಮೇಲೆ ತೇಲುತ್ತಿದ್ದರೆ ಸೂಜಿ ಹಿಡಿದು ಮತ್ತೆ ಒಳಗೆ ಸೇರಿಸಬೇಕು, ಯಾವ ರಿಪೇರಿಗೂ ಬಗ್ಗದ ಅಡ್ಡ ಪಟ್ಟಿ ಬಿದ್ದಿದ್ದರೆ ಅಷ್ಟನ್ನು ಕತ್ತರಿಸಿ ಬೇರೆ ಇಡಬೇಕು. ಬಟ್ಟೆ ಚೆನ್ನಾಗಿದೆಯೇ ಎಂದು ಯಾರೂ ನನ್ನನ್ನು ಕೇಳುತ್ತಿರಲಿಲ್ಲ. ಎಷ್ಟು ತಪ್ಪು ಸಿಕ್ಕವು ಎಂದಷ್ಟೇ ಕೇಳುತ್ತಿದ್ದರು. ಒಂದೂ ಸಿಕ್ಕಿಲ್ಲ ಅಂದರೆ ಬಟ್ಟೆಯನ್ನು ಹೊಗಳುತ್ತಿರಲಿಲ್ಲ, ನನ್ನ ಕಣ್ಣನ್ನು ಅನುಮಾನಿಸುತ್ತಿದ್ದರು. ಹೀಗೆ ಮೂವತ್ತೊಂದು ವರ್ಷ ಕಳೆದವಳಿಗೆ ಪರದೆಯ ಮಾತಿರಲಿ, ಎದುರಿಗಿದ್ದವರು ಸುಮ್ಮನೆ ನಕ್ಕರೂ ಒಳಗೆಲ್ಲೋ ಎಳೆ ತಪ್ಪಿರಬೇಕು ಅನಿಸುತ್ತದೆ.

ಈಗ ಇದನ್ನು ಬರೆಯುತ್ತಿರುವಾಗ ಪಕ್ಕದಲ್ಲಿ ನನ್ನ ತಂಗಿ ಗಿರಿಜಾ ಹೊಲಿದುಕೊಟ್ಟ ಕನ್ನಡಕದ ಚೀಲ ಬಿದ್ದಿದೆ. ಶರ್ಟಿನ ಚೌಕಳಿ ಬಟ್ಟೆಯ ಉಳಿಕೆ ತುಂಡಿನಿಂದ ಮಾಡಿದ್ದು. ಅದರ ಬಾಯಿಯ ಹತ್ತಿರ ಒಂದು ನೀಲಿ ಎಳೆ ಮೇಲೆದ್ದು ನಿಂತಿದೆ. ಮೂರು ದಿನದಿಂದ ನಾನೂ ಅದೂ ಒಬ್ಬರನ್ನೊಬ್ಬರು ನೋಡುತ್ತ ಕೂತಿದ್ದೇವೆ. ಅದನ್ನು ಕೀಳುವುದಿಲ್ಲ ಎಂದು ಅವಳಿಗೆ ಮಾತು ಕೊಟ್ಟಿದ್ದೇನೆ. ಮಾತು ಯಾಕೆ ಕೊಡಬೇಕಾಯಿತು ಎಂದು ಹೇಳಲು ಹೊರಟರೆ ನನ್ನ ಮರ್ಯಾದೆ ಸ್ವಲ್ಪ ಹೋಗುತ್ತದೆ, ಹೋಗಲಿ.

ನಿಜ ಹೇಳಬೇಕೆಂದರೆ ಕೆಲಸದ ಮೇಲೂ ಪೂರಾ ಹೊರೆ ಹಾಕುವಂತಿಲ್ಲ. ಅನುಮಾನ ನನಗೆ ಎಂಟನೆಯ ವಯಸ್ಸಿಗೇ ಇತ್ತು. ನಮ್ಮಪ್ಪ ಬನಹಟ್ಟಿ ಕಡೆಯಿಂದ ಮಗ್ಗದ ಕೆಲಸಕ್ಕೆಂದು ಇಚಲಕರಂಜಿಗೆ ಬಂದವರು. ಶೆಡ್ಡಿಗೆ ಹತ್ತಿಕೊಂಡೇ ಇದ್ದ ಚಾಳಿನಲ್ಲಿ ನಮ್ಮ ಒಂದೂವರೆ ಕೋಣೆ. ಮಗ್ಗದ ಸದ್ದಿನಲ್ಲೇ ಉಂಡು ಸದ್ದಿನಲ್ಲೇ ಓದಿ ಬೆಳೆದವರು ನಾವು. ಕರೆಂಟು ಹೋಗಿ ಮಗ್ಗ ನಿಂತರೆ, ಏನಾಯಿತು ಎಂದು ಅಂಗಳಕ್ಕೆ ಓಡಿ ಬರುತ್ತಿದ್ದೆವು. ಅವ್ವ ಹಳೆಯ ಸೀರೆ ಧೋತರಗಳನ್ನು ಪದರು ಪದರಾಗಿ ಹಾಸಿ ಕೌದಿ ಹೊಲಿಯುತ್ತಿದ್ದಳು. ಕೊನೆಯ ಮೂಲೆ ಮುಚ್ಚುವ ಮೊದಲು ಒಂದು ಚೂರು ರೊಟ್ಟಿ, ಒಂದು ಚೂರು ಬೆಲ್ಲ ಒಳಗಿಡುತ್ತಿದ್ದಳು. ಯಾಕವ್ವಾ ಎಂದು ಕೇಳಿದರೆ, "ಕೌದಿ ಹೊಟ್ಟಿ ಖಾಲಿ ಇರಬಾರದವ್ವಾ. ಖಾಲಿ ಇದ್ರ ಹೊಚ್ಚಿಕೊಂಡಾರ್ಗಿ ನಿದ್ದಿ ಹತ್ತಂಗಿಲ್ಲ" ಅನ್ನುತ್ತಿದ್ದಳು.

ನಾನು ನಂಬಲಿಲ್ಲ. ರೊಟ್ಟಿ ಬೆಲ್ಲಕ್ಕೆ ಯಾರಾದರೂ ಇಷ್ಟು ಜತನ ಮಾಡುತ್ತಾರೆಯೇ, ಒಳಗೆ ಬೇರೇನೋ ಇಟ್ಟಿದ್ದಾಳೆ, ಬಹುಶಃ ಪಂಚಮಿಯ ಉಂಡಿ, ಎಂದು ನನ್ನ ಲೆಕ್ಕ. ಅವ್ವ ನೀರಿಗೆ ಹೋದಾಗ ಮೂಲೆಯ ಹೊಲಿಗೆ ಬಿಚ್ಚಿ ನೋಡಿದೆ. ರೊಟ್ಟಿ, ಬೆಲ್ಲ ಮಾತ್ರ ಇದ್ದವು. ಬಿಚ್ಚಿದ್ದನ್ನು ಮತ್ತೆ ಹೊಲಿಯಲು ಬರದೆ ಹಾಗೆಯೇ ಮಡಿಚಿಟ್ಟೆ. ಬೆಳಗಾಗುವ ಹೊತ್ತಿಗೆ ಚಾಳಿನ ಅಷ್ಟೂ ಇರುವೆಗಳು ನಮ್ಮ ಹಾಸಿಗೆಗೆ ವಲಸೆ ಬಂದಿದ್ದವು. ಅಪ್ಪ ಬನಿಯನ್ ಕೊಡವುತ್ತ ಕುಣಿದದ್ದು ನನಗಿನ್ನೂ ಕಣ್ಣಿಗೆ ಕಟ್ಟಿದೆ. ಅವ್ವ ಬೈಯಲಿಲ್ಲ. "ಈಕಿ ದೇವರ ಪ್ರಸಾದಾನೂ ಮೂಸಿ ನೋಡಿ ತಿನ್ನಾಕಿ" ಎಂದಳು. ಆ ಮಾತು ಇವತ್ತಿಗೂ ಸುಳ್ಳಾಗಿಲ್ಲ.

ಗಿರಿಜಾ ನನಗಿಂತ ಹನ್ನೊಂದು ವರ್ಷ ಚಿಕ್ಕವಳು. ಅವ್ವ ಬೇಗ ಹೋದಳು, ಇವಳು ನನ್ನ ಕಂಕುಳಲ್ಲಿ ಬೆಳೆದಳು. ಇವಳ ಸ್ವಭಾವ ನನಗೆ ಪೂರ್ತಿ ಉಲ್ಟಾ. ಶೆಡ್ಡಿನ ಹಿಂದೆ ಬಟ್ಟೆಯ ಅಂಚು ಕತ್ತರಿಸಿದ ನೂಲಿನ ಪಟ್ಟಿಗಳು ರಾಶಿ ಬಿದ್ದಿರುತ್ತಿದ್ದವು. ಅವನ್ನು ತಂದು ಜಡೆಗೆ ರಿಬ್ಬನ್ನು, ಕೈಗೆ ಬಳೆ, ಗೊಂಬೆಗೆ ಲಂಗ, ಏನೆಲ್ಲ ಮಾಡುತ್ತಿದ್ದಳು. ಎಡಜಡೆಗೆ ಹಸಿರು, ಬಲಜಡೆಗೆ ಹಳದಿ. ನಾನು ಬಿಚ್ಚಿ ಎರಡಕ್ಕೂ ಒಂದೇ ಬಣ್ಣ ಕಟ್ಟಿ ಶಾಲೆಗೆ ಕಳಿಸುತ್ತಿದ್ದೆ. ಅವಳು ಶಾಲೆಯ ಗೇಟಿನಲ್ಲಿ ನಿಂತು ಮತ್ತೆ ಬದಲಾಯಿಸಿಕೊಳ್ಳುತ್ತಿದ್ದಳು. ಮುಂದೆ ಅವಳಿಗೆ ಗಂಡು ನೋಡುವಾಗಲೂ ನನ್ನ ತಪಾಸಣೆಯೇ. ಒಬ್ಬ ಬಹಳ ಮಾತಾಡುತ್ತಾನೆ ಎಂದು ಬೇಡವೆಂದೆ, ಇನ್ನೊಬ್ಬ ಬೂಟು ತೊಟ್ಟೇ ಒಳಗೆ ಬಂದ ಎಂದು ಬೇಡವೆಂದೆ. ಕೊನೆಗೆ ಯಾವ ದೋಷವೂ ಕಾಣದ ಗಡಹಿಂಗ್ಲಜದ ಒಬ್ಬನನ್ನು ಒಪ್ಪಿದೆ. ಒಳ್ಳೆಯ ಮನುಷ್ಯ. ಮದುವೆಯಾಗಿ ಇಪ್ಪತ್ತು ವರ್ಷದ ಮೇಲಾಯಿತು, ಒಟ್ಟು ಇಪ್ಪತ್ತು ಮಾತಾಡಿರಬಹುದು.

ಈ ಗಿರಿಜಾ ಎರಡು ವರ್ಷದ ಹಿಂದೆ ಗಡಹಿಂಗ್ಲಜದ ತನ್ನ ಮನೆಯ ಪಡಸಾಲೆಯಲ್ಲಿ ಓಣಿಯ ಮೂವರು ಹೆಂಗಸರನ್ನು ಕೂಡಿಸಿಕೊಂಡು ಚೀಲ ಹೊಲಿಯಲು ಶುರುಮಾಡಿದಳು. ಹೆಗಲ ಚೀಲ, ಕನ್ನಡಕದ ಚೀಲ, ಮೊಬೈಲಿನ ಚೀಲ, ಕೂದಲಿಗೆ ಹಾಕುವ ಬಟ್ಟೆಯ ರಬ್ಬರ್. ಇದಕ್ಕೆಲ್ಲ ಬಟ್ಟೆ ಎಲ್ಲಿಂದ ಅನ್ನುತ್ತೀರಿ? ಇಚಲಕರಂಜಿಯ ಶೆಡ್ಡುಗಳಲ್ಲಿ ಉಳಿದ, ಕತ್ತರಿಸಿಟ್ಟ, ಯಾರಿಗೂ ಬೇಡವಾದ ತುಂಡುಗಳು. ಮೊದಲ ಸಲ ಮೂಟೆ ಕಟ್ಟಿಕೊಂಡು ನನ್ನ ಮನೆಗೆ ಬಂದಾಗ ಬಿಚ್ಚಿ ನೋಡಿದೆ. ನಾನು ಮೂವತ್ತೊಂದು ವರ್ಷ ಕತ್ತರಿಸಿ ಎಸೆದ ಜಾತಿಯದೇ ಬಟ್ಟೆ. ಅಡ್ಡ ಪಟ್ಟಿ, ಗಂಟು, ತೇಲುವ ಎಳೆ, ಯಾವುದೂ ಬಿಟ್ಟಿಲ್ಲ.

"ಇದರಾಗ ಚೀಲ ಹೊಲದ್ರ ಯಾರ ತಗೋತಾರ?" ಎಂದು ಕೇಳಿದೆ.

"ಕೋಲ್ಹಾಪುರದಾಗ ಒಬ್ಬರು ಮೇಡಂ ಅದಾರ. ಅವರಿಗೆ ಹಿಂತಾದಽ ಬೇಕಂತ."

ಅಲ್ಲಿಗೆ ನನ್ನ ಒಳಗಿನ ತಪಾಸಣೆಯವಳು ಎದ್ದು ಕೂತಳು. ಹಾಳಾದ ಬಟ್ಟೆಯೇ ಬೇಕು ಎಂದು ಯಾರಾದರೂ ಕೇಳುತ್ತಾರೆಯೇ? ಕೇಳಿದರೆ ಅವರ ಮನಸ್ಸಿನಲ್ಲಿ ಏನೋ ಇರಬೇಕು. ನೋಡಿಯೇ ಬಿಡೋಣ ಎಂದು ಮುಂದಿನ ಸಲ ಅವಳ ಜೊತೆ ಕೋಲ್ಹಾಪುರಕ್ಕೆ ಹೋದೆ.

ಅಂಗಡಿ ಚಿಕ್ಕದು, ಚೊಕ್ಕಟ. ಆದರೆ ಒಳಗಿದ್ದ ಸಾಮಾನು ನೋಡಿ ಗಾಬರಿಯಾದೆ. ಬಟ್ಟಲುಗಳು ದುಂಡಗಿಲ್ಲ. ಮರದ ಸೌಟುಗಳಲ್ಲಿ ಒಂದರ ಹಾಗೆ ಇನ್ನೊಂದಿಲ್ಲ. ಕಾಗದದ ಅಂಚು ಹರಿದದ್ದು. ನಮಗೆ ಚಹಾ ಕೊಟ್ಟ ಕಪ್ಪಿಗೆ ಹಿಡಿಕೆಯೇ ಇಲ್ಲ. ಇಡೀ ಅಂಗಡಿಯೇ ವಾಪಸು ಬಂದ ಮಾಲಿನ ಗೋದಾಮಿನಂತಿತ್ತು. ಮೇಡಂ ಮರಾಠಿಯವರು, ನಲವತ್ತರ ಆಸುಪಾಸು, ಬಾಯಿ ತುಂಬ ನಗು. ಗಿರಿಜಾಳ ಚೀಲದ ಮೇಲೆ ಎದ್ದು ಕಾಣುತ್ತಿದ್ದ ಒಂದು ಗಂಟನ್ನು ಬೆರಳಿನಿಂದ ಸವರುತ್ತ, "ತಾಈ, ಡಿಫೆಕ್ಟ್ ದಿಸಲಾ ಪಾಹಿಜೆ. ತೀಚ ತರ ಗಂಮತ ಆಹೆ" ಎಂದರು. ದೋಷ ಕಾಣಬೇಕು, ಮಜಾ ಇರುವುದೇ ಅದರಲ್ಲಿ ಎಂದರ್ಥ. ಬಟ್ಟೆ ಮಗ್ಗದಿಂದ ಬಂದ ಕಥೆಯನ್ನು ಆ ಗಂಟು ಹೇಳುತ್ತದಂತೆ. ಮುಂದಿನ ತಿಂಗಳು ಒಂದು ಪ್ರದರ್ಶನವಿದೆ, ಅದಕ್ಕೆ ನಲವತ್ತು ಹೆಗಲ ಚೀಲ ಬೇಕು, ಒಂದು ಇಡೀ ಮೇಜು ಗಿರಿಜಾಳ ಹೆಸರಿನಲ್ಲಿ ಇಡುತ್ತೇನೆ ಎಂದರು. ಗಿರಿಜಾಳ ಮುಖ ಅರಳಿದ್ದನ್ನು ನೋಡಿದೆ. ನಾನು ಮೇಡಂ ಮುಖ ನೋಡಿದೆ. ಅಷ್ಟು ನಗು ನನಗೆ ಸರಿಬರಲಿಲ್ಲ.

ನಿಮಗೆ ಗೊತ್ತಿಲ್ಲ, ನಾನು ಇಂಥ ನಗುಗಳನ್ನು ಬೇಕಾದಷ್ಟು ಕಂಡಿದ್ದೇನೆ. ಬಟ್ಟೆಗೆ ಬೇಡಿಕೆ ಇದ್ದಾಗ ವ್ಯಾಪಾರಿ ಬಂದು, ಸಣ್ಣಪುಟ್ಟ ತಪ್ಪು ನೋಡಿಯೂ "ಚಾಲೇಲ, ಚಾಲೇಲ", ನಡೆಯುತ್ತದೆ ಬಿಡಿ, ಎಂದು ನಕ್ಕು ತಾಗಾಗಳನ್ನು ಟೆಂಪೋಗೆ ಹೇರಿಸಿಕೊಂಡು ಹೋಗುತ್ತಿದ್ದ. ಎರಡು ತಿಂಗಳಿಗೆ ಬೇಡಿಕೆ ಬಿತ್ತೆಂದರೆ ಅದೇ ತಪ್ಪನ್ನು ಮುಂದಿಟ್ಟು ಅದೇ ಟೆಂಪೋದಲ್ಲಿ ವಾಪಸು ಕಳಿಸುತ್ತಿದ್ದ. ಆಗ ಮಾಲಕರು ಕರೆಯುತ್ತಿದ್ದದ್ದು ನನ್ನನ್ನು. ಈ ಮೇಡಂ ಕೂಡ ನಾಳೆ ಮಾಲು ಹೋಗದಿದ್ದರೆ ಅದೇ ಗಂಟಿನ ಮೇಲೆ ಬೆರಳಿಟ್ಟು, ನಿಮ್ಮ ಬಟ್ಟೆಯೇ ಖರಾಬಿದೆ ಅನ್ನುವುದಿಲ್ಲವೆಂದು ಏನು ಗ್ಯಾರಂಟಿ? ಬಸ್ಸಿನಲ್ಲಿ ಇದನ್ನು ಗಿರಿಜಾಗೆ ಹೇಳಿದೆ. ಅವಳು ಕಿಟಕಿಯ ಕಡೆ ಮುಖ ತಿರುಗಿಸಿ ಕಬ್ಬಿನ ಗದ್ದೆ ನೋಡುತ್ತ ಕೂತಳು.

ಒಂದು ತಿಂಗಳು ಆ ನಾಲ್ಕು ಹೆಂಗಸರು ಕೂತು ನಲವತ್ತು ಚೀಲ ಮುಗಿಸಿದರು. ಗಿರಿಜಾ ಅವನ್ನು ಎರಡು ಮೂಟೆ ಕಟ್ಟಿಕೊಂಡು ಶನಿವಾರ ನನ್ನ ಮನೆಗೆ ಬಂದಳು. ಕುರುಂದವಾಡದಲ್ಲಿ ಅವಳ ನಾದಿನಿಯ ಸೊಸೆ ಬಸುರಿ, ಕುಬಸ ಕಾರ್ಯ ಇತ್ತು. ಸೋಮವಾರ ಅಲ್ಲಿಂದ ಬಂದು ಚೀಲ ತೆಗೆದುಕೊಂಡು ಕೋಲ್ಹಾಪುರಕ್ಕೆ ಹೋಗುವುದೆಂದು ಅವಳ ಹಂಚಿಕೆ. "ಮೂಟಿ ಇಲ್ಲೇ ಇರ್ಲಿ ಅಕ್ಕಾ" ಎಂದು ಹೇಳಿ ಹೋದಳು. ಮುಟ್ಟಬೇಡ ಎಂದು ಹೇಳಲಿಲ್ಲ. ಹೇಳಬೇಕು ಎಂದು ಅವಳಿಗೆ ಹೊಳೆದಿರಲಿಕ್ಕಿಲ್ಲ.

ಭಾನುವಾರ ಬೆಳಿಗ್ಗೆ ಪೂಜೆ ಮುಗಿಸಿ ಮೂಟೆ ಬಿಚ್ಚಿದೆ. ಸುಮ್ಮನೆ ನೋಡೋಣ ಎಂದು. ಮೊದಲನೆಯ ಚೀಲ ತೆಗೆದು ಕಿಟಕಿಗೆ ಹಿಡಿದರೆ, ತೇಲುವ ಎಳೆಯ ಸುತ್ತ ಕೆಂಪು ದಾರ. ಎರಡನೆಯದರಲ್ಲಿ ಗಂಟಿನ ಪಕ್ಕ ಕೆಂಪು ದಾರ. ಮೂರನೆಯದರಲ್ಲಿ ಅಡ್ಡ ಪಟ್ಟಿಯ ಉದ್ದಕ್ಕೂ ಕೆಂಪು ದಾರ. ನನಗೆ ಕಣ್ಣಲ್ಲಿ ನೀರೇ ಬಂತು. ಅಂದರೆ ಇವಳಿಗೂ ಗೊತ್ತಿದೆ. ಬಾಯಲ್ಲಿ ಏನೇ ಅಂದರೂ ಒಳಗೆ ಅಕ್ಕನ ಮಾತು ನಾಟಿದೆ. ತಪ್ಪುಗಳನ್ನೆಲ್ಲ ಗುರುತು ಹಾಕಿ ನನ್ನ ಮನೆಯಲ್ಲಿ ಇಟ್ಟು ಹೋಗಿದ್ದಾಳೆ, ಬಾಯಿಬಿಟ್ಟು ಕೇಳಲು ನಾಚಿಕೆ ಅವಳಿಗೆ.

ಚಿಮಟ, ಸೂಜಿ, ಕನ್ನಡಕ ತಂದು ಕೂತೆ. ಎಷ್ಟು ದಿನವಾಗಿತ್ತು ಆ ಕೆಲಸ ಮಾಡಿ. ಬೆರಳು ಏನೂ ಮರೆತಿರಲಿಲ್ಲ. ಗಂಟು ಕಿತ್ತೆ, ಎಳೆ ಒಳಗೆ ಸೇರಿಸಿದೆ, ಕೆಂಪು ದಾರ ಬಿಚ್ಚಿದೆ. ಪಟ್ಟಿ ಬಿದ್ದ ಚೀಲಗಳ ಹೊಲಿಗೆ ಬಿಚ್ಚಿ, ಪಟ್ಟಿಯನ್ನು ಮಡಿಕೆಯೊಳಗೆ ಮುಚ್ಚಿ ಮತ್ತೆ ಹೊಲಿದೆ. ಭಾನುವಾರ ಇಡೀ ದಿನ, ಸೋಮವಾರ ಮಧ್ಯಾಹ್ನದ ತನಕ. ನಡುವೆ ಊಟಕ್ಕೆ ಚುರುಮುರಿ ತಿಂದದ್ದಷ್ಟೇ. ಕೊನೆಗೆ ನಲವತ್ತನ್ನೂ ಇಸ್ತ್ರಿ ಮಾಡಿ, ಮೂಲೆಗೆ ಮೂಲೆ ಕೂಡಿಸಿ ಮಡಿಚಿಟ್ಟೆ. ಯಾವ ಪೇಟೆಯ ಯಾವ ಅಂಗಡಿಯಲ್ಲಾದರೂ ಇಡಬಹುದಿತ್ತು. ಬಹಳ ವರ್ಷದ ಮೇಲೆ ಅಷ್ಟು ಸಮಾಧಾನವಾಗಿತ್ತು ನನಗೆ.

ಗಿರಿಜಾ ನಾಲ್ಕು ಗಂಟೆಗೆ ಬಂದಳು. ಕುಬಸದ ಹೋಳಿಗೆಯ ಡಬ್ಬಿ ನನ್ನ ಕೈಗೆ ಕೊಟ್ಟು ಮೂಟೆಯ ಕಡೆ ನೋಡಿದಳು. ಮೇಲಿನ ಚೀಲ ಎತ್ತಿದಳು, ತಿರುಗಿಸಿದಳು. ಇನ್ನೊಂದು ಎತ್ತಿದಳು. ಹತ್ತು ಹನ್ನೆರಡು ನೋಡಿದ ಮೇಲೆ ನೆಲಕ್ಕೆ ಕೂತಳು.

"ಇದೇನ ಮಾಡಿದಿ ಅಕ್ಕಾ?"

"ಗುರುತ ಹಾಕಿದ್ದೆಲ್ಲಾ ತೆಗದೇನಿ. ಒಂದೂ ಬಿಟ್ಟಿಲ್ಲ ನೋಡ."

"ಅದು ಗುರುತ ಅಲ್ಲ. ಕಸೂತಿ." ಅವಳ ದನಿ ಸಣ್ಣಗಾಗಿತ್ತು. "ತಪ್ಪ ಎಲ್ಲೈತೋ ಅಲ್ಲೇ ಚಂದ ಕಾಣ್ಲಿ ಅಂತ ಹಾಕಿದ್ವಿ. ಮೇಡಂ ಡಿಫೆಕ್ಟ್ ಕಾಣಬೇಕು ಅಂದಾಗ ನೀ ನನ್ನ ಬಾಜೂಕಽ ಕುಂತಿದ್ದಿ."

"ಕುಂತಿದ್ದೆ. ನಂಬಲಿಲ್ಲ."

"ಆಕಿನ್ನ ನಂಬಲಿಲ್ಲೋ, ನನ್ನ ನಂಬಲಿಲ್ಲೋ?"

ಅವಳು ಅಳಲಿಲ್ಲ, ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು. "ನಾ ಸಣ್ಣಾಕಿ ಇದ್ದಾಗಿಂದ ನೋಡಾಕತ್ತೇನಿ" ಎಂದಳು. "ರೊಟ್ಟಿ ಮಾಡಿದ್ರ ಅದರ ಅಂಚ ನೋಡ್ತಿ. ರಂಗೋಲಿ ಹಾಕಿದ್ರ ಗೆರಿ ನೋಡ್ತಿ. ಇಷ್ಟ ವರ್ಷದಾಗ ಒಮ್ಮೆರ, ಚಲೋ ಆಗೇತಿ ಗಿರಿಜಾ ಅಂದೀಯೇನು?"

"ತಪ್ಪೇನಿಲ್ಲ ಅಂತ ಎಷ್ಟೋ ಸರ್ತಿ ಅಂದೇನಲ್ಲ."

"ಅದು ಚಲೋ ಆಗೇತಿ ಅಂದಂಗ ಅಲ್ಲ."

ಹೊರಗೆ ಹೋಗಿ ಮೇಡಂಗೆ ಫೋನು ಮಾಡಿ ಬಂದಳು. ಶನಿವಾರದೊಳಗೆ ಮೊದಲಿನಂತಹ ಚೀಲ ಬಂದರೆ ಸರಿ, ಇಲ್ಲವಾದರೆ ಆ ಮೇಜಿನ ಮೇಲೆ ಬೇರೆಯವರ ಮಾಲು ಇಡಬೇಕಾಗುತ್ತದೆ ಎಂದರಂತೆ. ಕೈಯಲ್ಲಿ ಐದು ದಿನ. ಗಡಹಿಂಗ್ಲಜದ ಆ ಮೂವರಿಗೆ ಏನು ಹೇಳಲಿ ಎಂದು ತನ್ನಷ್ಟಕ್ಕೆ ಅಂದುಕೊಂಡಳು. ನನ್ನನ್ನು ಬೈದಿದ್ದರೂ ಅಷ್ಟು ನೋಯುತ್ತಿರಲಿಲ್ಲ. ಆ ಹೋಳಿಗೆಯ ಡಬ್ಬಿಯನ್ನು ಅವತ್ತು ನಾವಿಬ್ಬರೂ ತೆರೆಯಲಿಲ್ಲ.

ಮಂಗಳವಾರ ಇಬ್ಬರೂ ಬಟ್ಟೆ ಹುಡುಕಿಕೊಂಡು ಹೊರಟೆವು. ನಾನಂದುಕೊಂಡೆ, ಇಚಲಕರಂಜಿಯಲ್ಲಿ ತಪ್ಪಿದ ಬಟ್ಟೆಗೇನು ಬರ, ಅದರಲ್ಲೂ ನಾನು ಹೋಗಿ ನಿಂತರೆ. ಮೊದಲು ನನ್ನ ಹಳೆಯ ಶೆಡ್ಡಿಗೇ ಹೋದೆ. ಅಲ್ಲಿಯ ಗುಮಾಸ್ತರಿಗೆ ಎಲ್ಲರೂ ದಿವಾಣಜಿ ಅನ್ನುತ್ತಾರೆ. ನನ್ನನ್ನು ನೋಡಿ ಕುರ್ಚಿಯಿಂದ ಎದ್ದೇ ನಿಂತರು.

"ಡ್ಯಾಮೇಜ್ ತುಂಡ ಎಷ್ಟದಾವ್ರಿ ದಿವಾಣಜಿ?" ಎಂದೆ.

"ಡ್ಯಾಮೇಜ್? ನಮ್ಮಲ್ಲಿ ಈಗ ಡ್ಯಾಮೇಜ್ ಬರೂದಽ ಇಲ್ರಿ ಅಕ್ಕಾರ."

"ನಿಮ್ಮ ಮಗ್ಗ ನಾ ಕಂಡಿಲ್ಲೇನ್ರಿ? ನನಗ ಬೇಕಾಗೇತಿ, ತೋರಸ್ರಿ."

ಅವರು ಒಳಗೆ ಹೋಗಿ ಒಂದು ತಾಗಾ ತಂದು ಬಿಚ್ಚಿದರು. ಕೆನೆಯಂಥ ಬಟ್ಟೆ, ಒಂದು ಎಳೆ ಆಚೀಚೆ ಇಲ್ಲ. ಹಿಂದೆ ಬಾಗಿಲ ಸಂದಿಯಲ್ಲಿ ಇಬ್ಬರು ಒಂದು ದೊಡ್ಡ ಮೂಟೆಯನ್ನು ಎಳೆದು ಮರೆಗೆ ಸರಿಸುತ್ತಿದ್ದರು. ಮಾಲಕರು ನನ್ನನ್ನು ಗುಟ್ಟಾಗಿ ತಪಾಸಣೆಗೆ ಕಳಿಸಿದ್ದಾರೆ ಎಂದು ಅವರ ಅನುಮಾನ. ನಾನು ಚೀಲಕ್ಕೆ ಬೇಕು ಅಂದೆ, ಅವರು ನಕ್ಕರು. ನಾನು ಆಣೆ ಇಟ್ಟೆ; ಅನುಮಾನ ಇನ್ನೂ ಗಟ್ಟಿಯಾಯಿತು. ಎರಡನೆಯ ಶೆಡ್ಡಿನಲ್ಲೂ ಅದೇ. ಮೂರನೆಯದಕ್ಕೆ ಹೋಗುವಷ್ಟರಲ್ಲಿ ನನಗಿಂತ ಮುಂಚೆ ಫೋನು ಹೋಗಿತ್ತು. ಅಲ್ಲಿ ಒಬ್ಬ ದಪ್ಪ ಹೆಂಗಸು ತುಂಡುಬಟ್ಟೆಯ ಮೂಟೆಯ ಮೇಲೆಯೇ ಕೂತು, ನನಗೆ ನಮಸ್ಕಾರ ಮಾಡಲು ಸಹ ಏಳದೆ, "ಮಂಡಿ ನೋವ್ರಿ ಅಕ್ಕಾರ" ಎಂದಳು. ಇಡೀ ಊರಿನ ಬಟ್ಟೆಯಲ್ಲಿ ಒಂದು ತಪ್ಪು ನನಗೆ ಸಿಗಲಿಲ್ಲ. ಮೂವತ್ತೊಂದು ವರ್ಷ ನಾನು ಬಯಸಿದ್ದು ಇದನ್ನೇ ಅಲ್ಲವೇ ಎಂದುಕೊಂಡರೂ ನಗು ಬರಲಿಲ್ಲ. ಗಿರಿಜಾ ಒಬ್ಬಳೇ ಹೋಗಿದ್ದರೆ ಕೊಡುತ್ತಿದ್ದರು. ಈಗ ಅವಳನ್ನೂ ನನ್ನ ಜೊತೆ ನೋಡಿಬಿಟ್ಟಿದ್ದರು.

ಮೂರನೆಯ ಶೆಡ್ಡಿನ ಹೊರಗೆ ಚಹಾದ ಗಾಡಿಯ ಹತ್ತಿರ ಪಾಳಿ ಮುಗಿಸಿದ ನಮ್ಮ ಹಳೆಯ ಶೆಡ್ಡಿನ ನೇಕಾರರು ನಿಂತಿದ್ದರು. ಅವರಲ್ಲಿ ಬಸಪ್ಪನೂ ಇದ್ದ. ನಮ್ಮ ಶೆಡ್ಡಿನಲ್ಲಿ ಇಪ್ಪತ್ತು ವರ್ಷ ಕೆಲಸ ಮಾಡಿದವನು, ಜಮಖಂಡಿ ಕಡೆಯವನು. ನನ್ನನ್ನು ಕಂಡು ಬೀಡಿ ಕೆಳಗೆ ಹಾಕಿದ.

"ಅಕ್ಕಾರ, ಮುಂಜಾನಿಂದ ಡ್ಯಾಮೇಜ್ ಕೇಳಾಕತ್ತೀರಂತ. ಯಾರ ಹೊಟ್ಟಿ ಮ್ಯಾಲ ಹೊಡ್ಯಾವ್ರು ಈಗ?"

ಅವನು ನಗುತ್ತಲೇ ಕೇಳಿದ. ಉಳಿದವರು ನಗಲಿಲ್ಲ. ಗಿರಿಜಾ ತಲೆ ತಗ್ಗಿಸಿ ನಿಂತಿದ್ದಳು. ಬೇರೆ ದಾರಿ ಇರಲಿಲ್ಲ, ಹೇಳಿಬಿಟ್ಟೆ. ನಡು ರಸ್ತೆಯಲ್ಲಿ, ನಾನು ವರ್ಷಗಟ್ಟಲೆ ತಪ್ಪು ಹಿಡಿದು ಕೂಲಿ ಕಡಿಸಿದ ಹತ್ತು ಜನರ ಮುಂದೆ. "ಯಾರದೂ ಅಲ್ಲೋ ಬಸಪ್ಪಾ. ಈ ಸರ್ತಿ ತಪ್ಪ ನಂದು" ಎಂದು ಶುರುಮಾಡಿ, ಚೀಲ, ಕೆಂಪು ದಾರ, ಚಿಮಟ, ಇಸ್ತ್ರಿ, ಒಂದನ್ನೂ ಮುಚ್ಚಿಡದೆ ಹೇಳಿದೆ. ಕಸೂತಿಯನ್ನು ಗುರುತು ಎಂದುಕೊಂಡು ಬಿಚ್ಚಿದೆ ಅನ್ನುವಾಗ ಒಬ್ಬ ಚಹಾ ಉಗುಳಿದ. ಬಸಪ್ಪ ನಗುತ್ತ ನಗುತ್ತ ಕೆಮ್ಮು ಹತ್ತಿ ಗಾಡಿಯ ಕಂಬ ಹಿಡಿದುಕೊಂಡ. "ನಲವತ್ತೂ?" ಎಂದು ಮತ್ತೆ ಮತ್ತೆ ಕೇಳಿದ. ನಲವತ್ತೂ, ಎಂದೆ. ಮೊದಲನೆಯ ಸಲ ನನ್ನ ಅನುಮಾನ ಯಾರ ಕೂಲಿಯನ್ನೂ ಕಡಿಯದೆ ಜನರನ್ನು ನಗಿಸಿತ್ತು.

"ಬರ್ರಿ" ಎಂದ ಕಣ್ಣು ಒರೆಸಿಕೊಂಡು. "ಶೆಡ್ಡಿನಾಗ ಯಾಕ ಹುಡಕ್ತೀರಿ? ನೀವು ಹಿಡದ ಡ್ಯಾಮೇಜ್ ಎಲ್ಲಾ ನಮ್ಮ ಮನ್ಯಾಗ ಐತಿ."

ನಿಜವೇ. ದೊಡ್ಡ ತಪ್ಪು ಬಿದ್ದರೆ ಆ ತುಂಡನ್ನು ನೇಕಾರನ ಕೈಗೇ ಕೊಟ್ಟು ಕೂಲಿಯಲ್ಲಿ ಮುರಿದುಕೊಳ್ಳುವ ಪದ್ಧತಿ ನಮ್ಮ ಶೆಡ್ಡಿನಲ್ಲಿತ್ತು. ಆ ತುಂಡುಗಳು ಎಲ್ಲಿ ಹೋಗುತ್ತವೆ ಎಂದು ನಾನು ಯೋಚಿಸಿಯೇ ಇರಲಿಲ್ಲ. ಬಸಪ್ಪನ ಓಣಿಯಲ್ಲಿ ಮನೆಮನೆಯಿಂದ ಟ್ರಂಕು ತೆರೆದು ತಂದರು. ದಿಂಬಿನ ಗವಸು, ಪರದೆ, ಗಾದಿಯ ಹೊದಿಕೆ ಎಲ್ಲ ನಾನು ಫೇಲು ಮಾಡಿದ ಬಟ್ಟೆಯವು. ಹೊಲಿಯದೆ ಹಾಗೇ ಇಟ್ಟ ತುಂಡುಗಳೂ ಬೇಕಾದಷ್ಟಿದ್ದವು. ನೀವು ಕಾತರ ಪಡಬೇಡಿ, ಇಲ್ಲೇ ಹೇಳಿಬಿಡುತ್ತೇನೆ: ಗಿರಿಜಾ ಬೆಲೆ ಕಟ್ಟಿಯೇ ಅವನ್ನು ತೆಗೆದುಕೊಂಡಳು, ನಾಲ್ವರು ಹಗಲು ರಾತ್ರಿ ಎನ್ನದೆ ಹೊಲಿದರು, ನಾನು ಗುಂಡಿ ಮಾತ್ರ ಹಚ್ಚಿದೆ, ಶನಿವಾರ ಮಧ್ಯಾಹ್ನ ಚೀಲಗಳು ಕೋಲ್ಹಾಪುರ ಮುಟ್ಟಿದವು. ಮೇಡಂ ಅದೇ ನಗು ನಕ್ಕು ಮೇಜು ಕೊಟ್ಟರು. ಆ ನಗುವಿನ ಬಗ್ಗೆ ನನ್ನ ಅಭಿಪ್ರಾಯವನ್ನು ನಾನಿನ್ನೂ ಪೂರ್ತಿ ಬದಲಾಯಿಸಿಲ್ಲ.

ಆದರೆ ನಾನು ಹೇಳಬೇಕೆಂದದ್ದು ಬಸಪ್ಪನ ಮನೆಯಲ್ಲಿ ನಡೆದದ್ದು. ಅವನ ಹೆಂಡತಿ ಕಸ್ತೂರವ್ವ ಟ್ರಂಕಿನ ತಳದಿಂದ ಒಂದು ತುಂಡು ತೆಗೆದಳು. ತಿಳಿಹಳದಿ ಚೌಕಳಿ, ಒಗೆದು ಒಗೆದು ಹತ್ತಿಯಷ್ಟು ಮೆತ್ತಗಾಗಿತ್ತು. ನಡುವೆ ಒಂದು ಗೇಣಿನಷ್ಟು ಅಗಲ ಎಳೆಗಳು ತೇಲಿದ್ದವು. ಗಿರಿಜಾ ಕೈಚಾಚಿದಳು.

"ಅದೊಂದ ಕೊಡಂಗಿಲ್ರಿ ತಂಗಿ" ಎಂದ ಬಸಪ್ಪ. "ಅವತ್ತ ನನ್ನ ಮಗಳು ಹುಟ್ಟಿದ್ಲು. ಸುದ್ದಿ ಹೇಳಾಕ ನಮ್ಮ ಮಾಂವ ಶೆಡ್ಡಿಗೆ ಬಂದಿದ್ದ. ಬಾಗಲದಾಗ ನಿಂತ ಮಾತಾಡಿದೆ, ಎಳಿ ಹರದದ್ದ ನೋಡಲಿಲ್ಲ. ಮರದಿನ ಅಕ್ಕಾರು ಕರದು, ನಿನ್ನ ಲಕ್ಷ್ಯ ಎಲ್ಲೈತೋ ಅಂದ್ರು."

"ನೀ ಹೇಳಲಿಲ್ಲಲ್ಲೋ ಬಸಪ್ಪಾ" ಎಂದೆ.

"ಹೇಳಿದ್ರ ನೀವು ನಂಬತಿದ್ರೇನ್ರಿ?"

ನಂಬುತ್ತಿರಲಿಲ್ಲ. ಮಗ್ಗದವರು ತಪ್ಪಿಗೆ ಸಾವಿರ ಕಾರಣ ಹೇಳುತ್ತಾರೆ ಎಂದು ನನ್ನ ಗಟ್ಟಿ ನಂಬಿಕೆಯಾಗಿತ್ತು. ಅದೇ ತುಂಡಿನಲ್ಲಿ ಕೂಸನ್ನು ಸುತ್ತಿದರಂತೆ, ತೊಟ್ಟಿಲಿಗೂ ಅದೇ. ಆ ಹುಡುಗಿ ಈಗ ಮಿರಜದಲ್ಲಿ ನರ್ಸು. ನನಗೆ ತುಂಬ ಕೆಟ್ಟದೆನಿಸಿತು. ಅವತ್ತು ಆ ಮನುಷ್ಯನ ಮುಖದಲ್ಲಿ ಎಷ್ಟು ಸಂತೋಷ ಇದ್ದಿರಬೇಕು, ನಾನು ನೋಡಿದ್ದು ಬಟ್ಟೆಯನ್ನು ಮಾತ್ರ. "ತಪ್ಪಾತೋ ಬಸಪ್ಪಾ" ಎಂದೆ. ಅವನು, "ಅದನ್ನ ಬಿಡ್ರಿ, ಚಾ ಕುಡೀರಿ" ಎಂದ. ಮೂವತ್ತೊಂದು ವರ್ಷ ನಾನು ಯಾವ ನೇಕಾರನ ಮನೆಯ ಚಹಾವನ್ನೂ ಕುಡಿದವಳಲ್ಲ, ಚಹಾದ ಹಿಂದೆಯೇ, ಪಾಸು ಮಾಡಿರಿ ಅಂತ ತಾಗಾ ಬರುತ್ತದೆ ಎಂದು. ಅವತ್ತು ಕುಡಿದೆ.

ಕಸ್ತೂರವ್ವ ಗಿರಿಜಾಳನ್ನು, ಈ ಹರುಕು ಬಟ್ಟೆಯಲ್ಲಿ ಅದೇನು ಮಾಡುತ್ತೀರಿ ಎಂದು ಕೇಳಿದಳು. ಗಿರಿಜಾ ತನ್ನ ಹೆಗಲಿನ ಚೀಲವನ್ನೇ ಬಿಚ್ಚಿ ಕೊಟ್ಟಳು. ಅದು ಅವಳ ಜೊತೆ ಕುರುಂದವಾಡಕ್ಕೆ ಹೋಗಿದ್ದರಿಂದ ನನ್ನ ಕೈಯಿಂದ ಪಾರಾಗಿತ್ತು. ಹೆಂಗಸರ ಕೈಯಿಂದ ಕೈಗೆ ಹೋಗಿ ಕೊನೆಗೆ ನನ್ನ ಮಡಿಲಿಗೆ ಬಂತು.

"ನೀವು ಹೇಳ್ರಿ ಅಕ್ಕಾರ, ಹೆಂಗಾಗೇತಿ?" ಎಂದಳು ಕಸ್ತೂರವ್ವ. ಬಸಪ್ಪ ಬಸಿ ಕೆಳಗಿಟ್ಟ. ಗಿರಿಜಾ ಗೋಡೆ ನೋಡುತ್ತಿದ್ದಳು.

ಎಡಗಡೆ ಒಂದು ಗಂಟು, ಬಲಗಡೆ ಎರಡು. ನಡುವೆ ಬೂದುಬಣ್ಣದ ಪಟ್ಟಿ. ಅದರ ಉದ್ದಕ್ಕೂ ಕೆಂಪು ಹೊಲಿಗೆ ಹೊರಟು, ಎಳೆ ತಪ್ಪಿದಲ್ಲಿ ನಿಂತು, ಸುತ್ತು ಹಾಕಿ, ಮತ್ತೆ ಮುಂದೆ ಹೋಗಿತ್ತು. ಆ ಬಟ್ಟೆಗೆ ಏನಾಗಿದೆ ಎಂದು ಅಷ್ಟು ಪ್ರೀತಿಯಿಂದ ಯಾರೋ ವಿಚಾರಿಸಿಕೊಂಡ ಹಾಗಿತ್ತು. ನಾನು ಅದನ್ನು ಬಾಗಿಲಿನ ಬೆಳಕಿಗೆ ಹಿಡಿಯಲಿಲ್ಲ, ಮಡಿಲಲ್ಲೇ ಇಟ್ಟು ನೋಡಿದೆ.

"ಚಲೋ ಆಗೇತಿ ಗಿರಿಜಾ" ಎಂದೆ. "ಭಾಳ ಚಲೋ ಆಗೇತಿ."

ಗಿರಿಜಾ ತಟ್ಟನೆ ತಿರುಗಿ ನನ್ನ ಮುಖವನ್ನೇ ನೋಡಿದಳು, ಪೂರಾ ಅನುಮಾನದಿಂದ.